ಹಳ್ಳಕ್ಕೆ ತಕ್ಕ ದಿಬ್ಬ

ಎಲೆಕ್ಟ್ರಿಕ್ ಗಿಟಾರಿನ ಒಡಕು ದನಿ ಮೊದಲಿಗೆ ದೋಷವೆನಿಸಿತ್ತು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಬಯಸಿದ್ದು ಸ್ವಚ್ಛ ನಾದದ ಆಂಪ್ಲಿಫೈಯರ್. ಆದರೆ ವಾಲ್ಯೂಮ್ ಪೂರ್ತಿ ಏರಿಸಿದರೆ ವಾಲ್ವುಗಳು ತಮ್ಮ ಮಿತಿ ಮುಟ್ಟಿ, ಅಲೆಯ ತುದಿ ಚಪ್ಪಟೆಯಾಗಿ, ದನಿ ಒಡೆಯುತ್ತಿತ್ತು. ವಾದಕರಿಗೆ ಹಿಡಿಸಿದ್ದು ಅದೇ. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ಫೆಂಡರ್ ಬಾಸ್‌ಮನ್ ಮಾದರಿಯಲ್ಲೇ ಆಂಪ್ ಕಟ್ಟಿದರು. ಸರ್ಕ್ಯೂಟ್ ಹೆಚ್ಚುಕಡಿಮೆ ಅದೇ. ವಾಲ್ವು, ಸ್ಪೀಕರ್ ಬೇರೆಯಾದ್ದರಿಂದ ದನಿಯೂ ಬೇರೆಯಾಯಿತು.

ತೊಂದರೆಯೆಂದರೆ, ಆ ಒಡಕಿಗಾಗಿ ಕಿವಿಗಡಚಿಕ್ಕುವಷ್ಟು ಜೋರಾಗಿ ನುಡಿಸಬೇಕು. ಓವರ್‌ಡ್ರೈವ್ ಪೆಡಲ್ ಬಂದದ್ದು ಇಲ್ಲಿಗೆ. 1970ರ ದಶಕದ ಕೊನೆಯಲ್ಲಿ ಜಪಾನಿನಿಂದ ಬಂದ ಐಬನೆಜ್ ಟ್ಯೂಬ್ ಸ್ಕ್ರೀಮರ್ ತಗ್ಗಿನ ಆವರ್ತನಗಳನ್ನು ಇಳಿಸಿ, ಸುಮಾರು 720 ಹರ್ಟ್ಸ್ ಆಸುಪಾಸಿನ ನಡುಭಾಗವನ್ನು ಮುಂದೆ ತರುತ್ತದೆ. ಹಾಗಾಗಿ ಅದರ ದನಿಗೆ ಕೊಂಚ ಮೂಗಿನ ಗುಣ. 1960ರ ದಶಕದ ಫೆಂಡರ್ ಆಂಪುಗಳಲ್ಲಿ ತಗ್ಗಿರುವುದು ನಡುಭಾಗವೇ. ಒಂದರ ಹಳ್ಳವನ್ನು ಇನ್ನೊಂದರ ದಿಬ್ಬ ತುಂಬಿತು. ಟೆಕ್ಸಸ್‌ನ ಸ್ಟೀವಿ ರೇ ವಾನ್ 1980ರ ದಶಕದಲ್ಲಿ ಈ ಜೋಡಿಯನ್ನು ಪ್ರಸಿದ್ಧಗೊಳಿಸಿದರು: ಡ್ರೈವ್ ಕಡಿಮೆ, ಲೆವೆಲ್ ಜಾಸ್ತಿ. ಪೆಡಲ್ ತಳ್ಳುತ್ತದೆ, ಒಡೆಯುವ ಕೆಲಸ ವಾಲ್ವಿನದು. ಮುಂದೆ ಮೆಟಲ್ ವಾದಕರು ಇದೇ ಪೆಡಲನ್ನು ಹೈ-ಗೇನ್ ಆಂಪುಗಳ ಮುಂದಿಟ್ಟದ್ದು ಒಡಕಿಗಲ್ಲ, ಹರಡಿಕೊಳ್ಳುವ ಬಾಸನ್ನು ಬಿಗಿಮಾಡಲು.

ಮುಂಬಯಿ, ಪುಣೆಗಳ ಬಾಡಿಗೆ ಫ್ಲ್ಯಾಟಿನಲ್ಲಿ ಸಣ್ಣ ಟ್ರಾನ್ಸಿಸ್ಟರ್ ಆಂಪ್ ಇಟ್ಟುಕೊಂಡವರು ವಾನ್ ಅವರ ಸೆಟ್ಟಿಂಗನ್ನು ಹಾಗೇ ನಕಲು ಮಾಡಿದರೆ ಆ ದನಿ ಸಿಗದು. ಅಲ್ಲಿ ತಳ್ಳಲು ವಾಲ್ವೇ ಇಲ್ಲ. ಡ್ರೈವ್ ಏರಿಸಿ, ಒಡೆಯುವ ಕೆಲಸವನ್ನೂ ಪೆಡಲಿಗೇ ಒಪ್ಪಿಸಬೇಕು. ಹಾಗಾಗಿ ಕೊಳ್ಳುವ ಮುನ್ನ ಕೇಳಬೇಕಾದ್ದು 'ಯಾವ ಪೆಡಲ್ ಒಳ್ಳೆಯದು?' ಎಂದಲ್ಲ, 'ನನ್ನ ಆಂಪಿನಲ್ಲಿ ಏನು ಕಡಿಮೆಯಿದೆ?' ಎಂದು.