ಚೋಮ ಬೇಡಿದ ಗೇಣಿ

ಮೊನ್ನೆ ಮಣಿಪಾಲದ ಮಗಳ ಮನೆಯಲ್ಲಿ ಮೊಮ್ಮಗನೊಡನೆ ಕುಳಿತು ‘ಚೋಮನ ದುಡಿ’ ಚಲನಚಿತ್ರವನ್ನು ಮತ್ತೊಮ್ಮೆ ನೋಡಿದೆ. ಮೊದಲು ನೋಡಿದ್ದು ಉಡುಪಿಯ ಟಾಕೀಸಿನಲ್ಲಿ. ಆಗ ನಾನು ಕಾರ್ಕಳದಲ್ಲಿ ಅಧ್ಯಾಪಕ. ಮರುದಿನ ಪಾಠ ಬಿಟ್ಟು ಚೋಮನ ಕಥೆಯನ್ನೇ ಹೇಳಿದ್ದು ಅಂದಿನ ನನ್ನ ವಿದ್ಯಾರ್ಥಿಗಳಿಗೆ ನೆನಪಿರಲೂಬಹುದು.

ಶಿವರಾಮ ಕಾರಂತರ ಕಾದಂಬರಿ 1933ರದು; ಬಿ.ವಿ. ಕಾರಂತರ ಚಿತ್ರ 1975ರದು. ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾಯರು ಶ್ರೇಷ್ಠ ನಟರೆನಿಸಿದರು. ಕಥೆ ಬ್ರಿಟಿಷರ ಕಾಲದ್ದಾದುದರಿಂದ ‘ಹಿಂದೆಲ್ಲ ಹಾಗಿತ್ತು’ ಎಂದು ನಾವು ಸುಲಭವಾಗಿ ನಿಟ್ಟುಸಿರುಬಿಟ್ಟೆವು.

ಚೋಮ ಬೇಡುವುದೇನು? ಭೂಮಿಯ ಒಡೆತನವನ್ನಲ್ಲ, ಬರಿಯ ಗೇಣಿಯನ್ನು. ಹೊಲೆಯನು ಬೇಸಾಯಗಾರನಾಗಬಾರದೆಂಬ ಕಟ್ಟಳೆಯಿಂದ ಅದೂ ದೊರೆಯುವುದಿಲ್ಲ. ಮತಾಂತರವಾದರೆ ಭೂಮಿ ದೊರೆತೀತೆಂಬ ಆಸೆ ಎದುರಾದರೂ ನಂಬಿದ ದೈವವನ್ನು ಅವನು ಬಿಡಲಾರ. ಈ ಸೂಕ್ಷ್ಮ ನನಗೆ ಹೊಳೆದದ್ದು ಬಹಳ ತಡವಾಗಿ. ಏಕೆಂದರೆ ಚಿತ್ರ ಬರುವ ಮುನ್ನವೇ, 1974ರ ಮಾರ್ಚ್ 1ರಂದು, ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಕಾಯಿದೆ ಜಾರಿಗೆ ಬಂದಿತ್ತು. ‘ಉಳುವವನೇ ಹೊಲದೊಡೆಯ’ ಎಂಬುದು ಘೋಷಣೆ. ಆದರೆ ಕಾಯಿದೆ ಒಡೆಯನನ್ನಾಗಿ ಮಾಡಿದ್ದು ಗೇಣಿದಾರನನ್ನು. ಗೇಣಿಯೇ ಸಿಗದ ಚೋಮ 1974ರವರೆಗೆ ಬದುಕಿದ್ದರೂ ಡಿಕ್ಲರೇಶನ್ ಕೊಡುವ ಅರ್ಹತೆ ಅವನಿಗಿರುತ್ತಿರಲಿಲ್ಲ! ಹೆಚ್ಚೆಂದರೆ ಗುಡಿಸಲಿನ ಅಡಿಸ್ಥಳ ದೊರೆಯುತ್ತಿತ್ತು.

ಚಿತ್ರದ ಬಗ್ಗೆ ನನಗೊಂದು ಆಕ್ಷೇಪವೂ ಉಂಟು. ಈ ನೆಲದ ಚೋಮನ ಮನೆಮಾತು ತುಳು. ಪರದೆಯ ಮೇಲೆ ಅವನು ಆಡುವುದು ಕನ್ನಡ. ಕನ್ನಡ ಕಾದಂಬರಿಯ ಕನ್ನಡ ಚಿತ್ರವೆಂಬ ಸಮಾಧಾನವಿದ್ದರೂ, ನಮ್ಮವರ ಗುರುತಿನ ಒಂದು ಪಾಲು ಅಲ್ಲಿ ಕಾಣೆಯಾಗಿದೆ. ದುಡಿಯ ಸದ್ದಿನಲ್ಲಿ ಮಾತ್ರ ಅವನು ತನ್ನ ಭಾಷೆಯಲ್ಲೇ ಮಾತನಾಡುತ್ತಾನೆ ಎಂದು ನನಗೆ ಅನ್ನಿಸುತ್ತದೆ.

“ನಮ್ಮ ಗದ್ದೆಯೂ ಆ ಕಾಯಿದೆಯಿಂದಲೇ ಬಂದದ್ದೇ, ಅಜ್ಜ?” ಎಂದು ಮೊಮ್ಮಗ ಕೇಳಿದ. ಹೌದು. ಕಾಪುವಿನ ಬಳಿ ನಮ್ಮ ತಂದೆಯವರು ಗೇಣಿದಾರರು. ಡಿಕ್ಲರೇಶನ್ ಕೊಟ್ಟರು, ಗದ್ದೆ ನಮ್ಮದಾಯಿತು. ಕೂಲಿಯಾಳಿನಿಂದ ಮಾಡಿಸಿ ತಾನು ಮೇಲ್ವಿಚಾರಣೆ ನಡೆಸಿದರೂ ಕಾಯಿದೆಯ ದೃಷ್ಟಿಯಲ್ಲಿ ಅದು ಸ್ವಂತ ಸಾಗುವಳಿಯೇ. ಆದ್ದರಿಂದ ತಂದೆಯವರು ಸುಳ್ಳನ್ನೇನೂ ಹೇಳಲಿಲ್ಲ. ಆದರೆ ನನಗೆ ಬುದ್ಧಿ ತಿಳಿದಂದಿನಿಂದ ನೇಗಿಲು ಹಿಡಿದವನು ಬೇರೊಬ್ಬ. ನಮಗಿಂತ ಎಷ್ಟೋ ಹಿರಿಯನಾದರೂ ಮಕ್ಕಳಾದ ನಾವು ಕೂಡ ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದೆವು. ಈಗ ಬರೆಯುವಾಗಲೂ ‘ಅವನು’ ಎಂದೇ ಬಂದುಬಿಟ್ಟಿತು, ನೋಡಿ.

ಚಿತ್ರ ನೋಡಲು ಉಡುಪಿಗೆ ಹೊರಟ ದಿನ ಮನೆಮಂದಿಯೆಲ್ಲ ಬಸ್ಸಿನಲ್ಲಿದ್ದೆವು. ನಮ್ಮ ಎತ್ತುಗಳಿಗೆ ಹುಲ್ಲು ಹಾಕಲು ಆತನನ್ನು ಮನೆಯಲ್ಲಿ ಬಿಟ್ಟು ಬಂದಿದ್ದೆವು.