ಉದ್ಯಾನವನವಾದ ಒಂದು ಹೊಲದ ಕಥೆ



ಜಾರ್ಜ್ ವಾಷಿಂಗ್ಟನ್ ಎಂದ ಕೂಡಲೇ ನಿಮಗೆ ಅಮೆರಿಕದ ಪ್ರಥಮ ಅಧ್ಯಕ್ಷರು ನೆನಪಾಗುತ್ತಾರೆ. ಅದೇ ಹೆಸರಿನ ಇನ್ನೊಬ್ಬ ಮಹನೀಯರಿದ್ದರು. ಅಮೆರಿಕದ ವಾಯವ್ಯ ತುದಿಯಲ್ಲಿರುವ ವಾಷಿಂಗ್ಟನ್ ರಾಜ್ಯದ ಸೆಂಟ್ರೇಲಿಯಾ ಎಂಬ ಪಟ್ಟಣದ ನಡುವೆ ಅವರ ಹೆಸರಿನ ಉದ್ಯಾನವನವಿದೆ. ಆ ಉದ್ಯಾನವನದ ಮಣ್ಣು ಒಂದು ಕಾಲದಲ್ಲಿ ಅವರ ಹೊಲವಾಗಿತ್ತು.

ಇವರು ಜನಿಸಿದ್ದು 1817ರ ಆಗಸ್ಟ್ 15ರಂದು, ವರ್ಜೀನಿಯಾದಲ್ಲಿ. ತಂದೆ ಕಪ್ಪು ಜನಾಂಗದ ಗುಲಾಮ, ತಾಯಿ ಬಿಳಿಯ ಮಹಿಳೆ. ತಂದೆಯನ್ನು ಮಾರಿಬಿಟ್ಟ ಮೇಲೆ ತಾಯಿ ಮಗುವನ್ನು ಜೇಮ್ಸ್ ಮತ್ತು ಆ್ಯನಾ ಕಾಕ್ರನ್ ಎಂಬ ಬಿಳಿಯ ದಂಪತಿಗಳ ಮಡಿಲಿಗೆ ಹಾಕಿದರು. ಶಾಲೆಯ ಮೆಟ್ಟಿಲು ಹತ್ತುವ ಭಾಗ್ಯ ಜಾರ್ಜರಿಗೆ ಸಿಗಲಿಲ್ಲ. ಆದರೂ ಓದು, ಬರಹ, ಲೆಕ್ಕವನ್ನು ಛಲದಿಂದ ಕಲಿತರು.

1850ರಲ್ಲಿ ಈ ಕುಟುಂಬ ಹೊಸ ಬದುಕನ್ನರಸಿ ಪಶ್ಚಿಮದ ಒರೆಗಾನ್ ಪ್ರಾಂತ್ಯಕ್ಕೆ ಹೊರಟಿತು. ಅಲ್ಲಿ ವಲಸೆ ಬಂದವರಿಗೆ ಸರ್ಕಾರ ಉಚಿತವಾಗಿ ಜಮೀನು ಕೊಡುತ್ತಿತ್ತು, ಆದರೆ ಕಪ್ಪು ಜನರಿಗಲ್ಲ! ಚೆಹಾಲಿಸ್ ಮತ್ತು ಸ್ಕೂಕಮ್‌ಚಕ್ ನದಿಗಳು ಕೂಡುವಲ್ಲಿ ಜಾರ್ಜರು ಕಾಡು ಕಡಿದು ನೆಲ ಹಸನು ಮಾಡಿದರು. ಅದರ ಮೇಲೆ ಬೇರೆಯವರ ಕಣ್ಣು ಬಿದ್ದಾಗ ಸಾಕು ತಂದೆತಾಯಿಗಳೇ ಆ 640 ಎಕರೆಯನ್ನು ತಮ್ಮ ಹೆಸರಿಗೆ ದಾಖಲಿಸಿದರು. 1853ರಲ್ಲಿ ವಾಷಿಂಗ್ಟನ್ ಪ್ರಾಂತ್ಯ ಪ್ರತ್ಯೇಕವಾಯಿತು. ಮುಂದೆ ಜಮೀನು ಜಾರ್ಜರ ಹೆಸರಿಗೇ ಬಂತು. ಅವರೆಲ್ಲರಿಗಿಂತ ಮೊದಲು ಆ ನದಿ ತೀರ ಚೆಹಾಲಿಸ್ ಮೂಲನಿವಾಸಿಗಳ ನೆಲೆಯಾಗಿತ್ತು ಎಂಬುದನ್ನೂ ನಾವು ಮರೆಯಬಾರದು.

ರೈಲು ಮಾರ್ಗ ಬಂದ ಮೇಲೆ, 1875ರಲ್ಲಿ, ಜಾರ್ಜ್ ಮತ್ತು ಅವರ ಪತ್ನಿ ಮೇರಿ ಜೇನ್ ತಮ್ಮ ಹೊಲದಲ್ಲಿ ನಿವೇಶನಗಳನ್ನು ಗುರುತಿಸಿ ಊರು ಕಟ್ಟಿದರು. ಅದೇ ಇಂದಿನ ಸೆಂಟ್ರೇಲಿಯಾ. ನಿವೇಶನಗಳನ್ನು ಕಡಿಮೆ ಬೆಲೆಗೆ ಮಾರಿದರು. ಚರ್ಚಿಗೆ, ಸ್ಮಶಾನಕ್ಕೆ, ಊರ ಚೌಕಕ್ಕೆ ಜಾಗವನ್ನು ದಾನವಾಗಿ ಕೊಟ್ಟರು. ಆ ಚೌಕವೇ ಇಂದಿನ ಉದ್ಯಾನವನ. 1893ರ ಆರ್ಥಿಕ ಕುಸಿತದಲ್ಲಿ ಊರಿನ ಜನ ಕೆಲಸ ಕಳೆದುಕೊಂಡಾಗ ಪೋರ್ಟ್‌ಲ್ಯಾಂಡಿನಿಂದ ಅಕ್ಕಿ, ಹಿಟ್ಟು, ಸಕ್ಕರೆ ತರಿಸಿ ಹಂಚಿದರು. 1905ರಲ್ಲಿ ಅವರು ತೀರಿಕೊಂಡಾಗ ಊರಿಗೆ ಊರೇ ಶೋಕದಲ್ಲಿ ಮುಳುಗಿತು. 2018ರಲ್ಲಿ ಆ ದಂಪತಿಗಳ ಪ್ರತಿಮೆಯನ್ನು ಉದ್ಯಾನವನದಲ್ಲಿ ಅನಾವರಣಗೊಳಿಸಲಾಯಿತು.

ವಿದ್ಯಾರ್ಥಿಗಳೇ, ಇನ್ನೊಂದು ಮಾತು ಗಮನಿಸಿರಿ. ಆ ಉದ್ಯಾನವನದಲ್ಲೇ ಊರಿನ ಸಾರ್ವಜನಿಕ ಗ್ರಂಥಾಲಯವಿದೆ. ಯಾರಿಗೆ ಶಾಲೆಯ ಬಾಗಿಲು ಮುಚ್ಚಿತ್ತೋ, ಅವರು ಕೊಟ್ಟ ನೆಲದಲ್ಲಿ ಊರಿನ ಮಕ್ಕಳೆಲ್ಲ ಕುಳಿತು ಓದುತ್ತಾರೆ. ಕೊಟ್ಟವರು ಹೋದ ಮೇಲೂ ಫಲ ಕೊಡುತ್ತಲೇ ಇರುವ ದಾನವನ್ನು ನಾವು ಸದಖಾ-ಎ-ಜಾರಿಯಾ ಎನ್ನುತ್ತೇವೆ. ಅದರ ಅರ್ಥ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ನಿಮ್ಮ ಶಾಲೆ, ಆಟದ ಮೈದಾನ, ಮದರಸ, ಖಬರಸ್ತಾನದ ಜಾಗ ಯಾರದಾಗಿತ್ತು? ಯಾರು ಕೊಟ್ಟರು? ಮನೆಯ ಹಿರಿಯರನ್ನು ಇಂದೇ ಕೇಳಿ, ಬರೆದಿಡಿ. ಹಿರಿಯರು ಹೋದ ಮೇಲೆ ಕೇಳಲು ಯಾರೂ ಉಳಿಯುವುದಿಲ್ಲ. ಕೊಟ್ಟವರ ಹೆಸರು ಮರೆತ ಊರಿನಲ್ಲಿ ಕೊಟ್ಟ ಜಾಗವೂ ಬಹಳ ದಿನ ಉಳಿಯುವುದಿಲ್ಲ.