ಮೈಸೂರು ರಸ್ತೆಯಲ್ಲಿ ಕೊಂಡು ತಂದ ಗೊಂಬೆ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ, ಕುದೂರು ಕಡೆಯ ಹಳ್ಳಿಗಳಲ್ಲಿ ಪರಸ್ಥಳಕ್ಕೆ ಹೋದವರು ಬರಿಗೈಯಲ್ಲಿ ಮನೆಗೆ ಬರುವ ವಾಡಿಕೆಯಿಲ್ಲ. ಮಾಗಡಿ ತಿರುಮಲೆಯ ರಂಗನಾಥಸ್ವಾಮಿ ತೇರಿಗೆ ಹೋದರೆ ಕಡಲೆಪುರಿ, ಬೆಂಡು ಬತ್ತಾಸು, ಹೆಣ್ಣುಮಕ್ಕಳಿಗೆ ಬಳೆ. ಸಾವನದುರ್ಗದ ಜಾತ್ರೆಗೆ ಹೋದರೂ ಅದೇ. ಮೈಸೂರಿನ ಕಡೆಗೆ ದೂರ ಪ್ರಯಾಣ ಮಾಡಿದವರ ಚೀಲದಲ್ಲಿ ಮಾತ್ರ ಇನ್ನೊಂದು ವಸ್ತು ಇರುತ್ತಿತ್ತು: ಚನ್ನಪಟ್ಟಣದ ಬಣ್ಣದ ಗೊಂಬೆ. ತಿಂಡಿ ಹಂಚಿದ ದಿನವೇ ಮುಗಿಯುತ್ತದೆ. ಮರದ ಗಿಲಕಿ ಒಂದು ಮಗುವಿನಿಂದ ಇನ್ನೊಂದು ಮಗುವಿನ ತೊಟ್ಟಿಲಿಗೆ ದಾಟುತ್ತದೆ.

ಚನ್ನಪಟ್ಟಣಕ್ಕೆ ಗೊಂಬೆಯಿಂದಲೇ ಹೆಸರು ಬಂದದ್ದಲ್ಲ. ಜಗದೇವರಾಯನ ಮನೆತನದ ಪಾಳೆಯಗಾರರು ಆಳಿದ ಈ ಕೋಟೆಯ ಊರು 1630ರ ಸುಮಾರಿಗೆ ಮೈಸೂರು ಒಡೆಯರ ಕೈಸೇರಿತು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕಂಡು ಬರೆದದ್ದು ಗಾಜಿನ ಕೆಲಸವನ್ನು, ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಯನ್ನು, ಬಿಳಿ ಸಕ್ಕರೆಯನ್ನು. ಇಲ್ಲಿಯ ತಂತಿಗೆ ದೂರದೂರದ ಊರುಗಳಲ್ಲೂ ಬೇಡಿಕೆಯಿತ್ತು. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ಹೆದ್ದಾರಿಯ ಮೇಲೆ ಕೂತ ಪೇಟೆಗೆ ಹಾದುಹೋಗುವವರೇ ಗಿರಾಕಿಗಳು. ಗೊಂಬೆಯ ಕಸುಬು ಬೆಳೆದದ್ದು ಇಂಥ ಪೇಟೆಯಲ್ಲಿ.

ಅರಗಿನ ಕೆಲಸವನ್ನು ಕಲಿಸಲು ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಎಂಬುದು ಊರಿನ ನಂಬಿಕೆ. ಮುಂದೆ ಕಸುಬಿಗೆ ಹೊಸ ರೂಪ ಕೊಟ್ಟವರೆಂದು ಬಾವಾಸ್ ಮಿಯಾನ್ ಅವರನ್ನು ಇಲ್ಲಿಯವರು ಗೌರವದಿಂದ ನೆನೆಯುತ್ತಾರೆ. ಜಪಾನಿನ ಗೊಂಬೆ ಮಾಡುವ ವಿಧಾನವನ್ನು ಅವರು ಇಲ್ಲಿಗೆ ಹೊಂದಿಸಿದರು. ತಲೆತಲಾಂತರದಿಂದ ಹೆಚ್ಚಾಗಿ ಮುಸ್ಲಿಂ ಕುಟುಂಬಗಳ ಕೈಯಲ್ಲಿದ್ದ ಈ ಕೆಲಸಕ್ಕೆ ಈಚಿನ ದಶಕಗಳಲ್ಲಿ ಎಲ್ಲ ಸಮುದಾಯದ ಹೆಂಗಸರೂ ಬಂದಿದ್ದಾರೆ.

ಗೊಂಬೆಗೆ ಬೇಕಾದ ಮರ ಆಲೆ ಮರ. ಹಾಲೆ ಎಂದೂ ಕರೆಯುತ್ತಾರೆ. ಕಡಿದರೆ ಹಾಲು ಒಸರುವ ಈ ಮರದ ತಿರುಳು ದಂತದಂತೆ ಬೆಳ್ಳಗೆ, ನುಣುಪು, ಉಳಿಗೆ ಮೆತ್ತಗೆ. ತುಂಡು ಮಾಡಿ, ಹಸಿ ಆರುವವರೆಗೆ ಒಣಗಿಸಿ, ಲೇತಿಗೆ ಸಿಕ್ಕಿಸುತ್ತಾರೆ. ಹಿಂದೆ ಬಿಲ್ಲಿನ ಹಗ್ಗ ಎಳೆದು ತಿರುಗಿಸುತ್ತಿದ್ದ ಕೈ ಲೇತು, ಈಗ ಬಹುತೇಕ ಕರೆಂಟಿನದು. ತಿರುಗುವ ಮರಕ್ಕೆ ಉಳಿ ಕೊಟ್ಟಾಗ ಏಳುವುದು ದುಂಡನೆಯ ಆಕಾರವೊಂದೇ. ರಾಜ ರಾಣಿಯರ ತಲೆ ಗುಂಡು, ಹೊಟ್ಟೆ ಮೊಟ್ಟೆಯಾಕಾರ, ಆನೆಯ ಕಾಲು ಕಂಬ. ಚನ್ನಪಟ್ಟಣದ ಗೊಂಬೆಯ ಚೆಲುವೆಲ್ಲ ಈ ಕಟ್ಟುಪಾಡಿನಿಂದಲೇ ಹುಟ್ಟಿದ್ದು.

ಬಣ್ಣ ಹಚ್ಚುವ ಬಗೆ ಇನ್ನೂ ಸೊಗಸು. ಇಲ್ಲಿ ಕುಂಚವಿಲ್ಲ. ಅರಗಿಗೆ ಬಣ್ಣ ಬೆರೆಸಿ ಕಡ್ಡಿ ಮಾಡಿಟ್ಟುಕೊಂಡಿರುತ್ತಾರೆ: ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡ, ಕೆಂಪಿಗೆ ಕುಂಕುಮ. ಭರದಿಂದ ಸುತ್ತುವ ಮರಕ್ಕೆ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಬಳಿಕ ಒಣಗಿದ ಗರಿಯ ಪಟ್ಟಿಯೊಂದನ್ನು ಅದೇ ಜಾಗಕ್ಕೆ ಒತ್ತುತ್ತಾರೆ. ಗಂಟುಗಂಟಾಗಿ ಕೂತಿದ್ದ ಬಣ್ಣ ಸಮನಾಗಿ ಹರಡಿ, ನೋಡನೋಡುತ್ತ ಕನ್ನಡಿಯ ಹೊಳಪು ಬರುತ್ತದೆ. ಮಗು ಬಾಯಿಗಿಟ್ಟರೂ ಭಯವಿಲ್ಲದ ವಸ್ತುವೆಂದು ಹಳೆಯ ಕಾಲದ ಬಾಣಂತಿ ಮನೆಗಳಿಗೆ ಗಿಲಕಿ ಒಯ್ಯುತ್ತಿದ್ದುದು ಈ ಅರಗಿನ ಗುಣದಿಂದಲೇ.

1880ರ ದಶಕದ ಆರಂಭಕ್ಕೆ ಬೆಂಗಳೂರು–ಮೈಸೂರು ರೈಲು ಹಳಿ ಚನ್ನಪಟ್ಟಣವನ್ನು ಹಾದುಹೋಯಿತು. ರೈಲಿನ ಹಿಂದೆ ಬಸ್ಸು, ಬಸ್ಸಿನ ಹಿಂದೆ ಕಾರು. ರಸ್ತೆಯ ಇಕ್ಕೆಲದಲ್ಲಿ ಗೊಂಬೆ ಅಂಗಡಿಗಳ ಸಾಲು ಎದ್ದಿತು. ಮೂರು ಚಕ್ರದ ತಳ್ಳುಬಂಡಿ, ಬುಗುರಿ, ಕುಂಕುಮದ ಭರಣಿ, ತೂಗುವ ಕುದುರೆ ಕೊಳ್ಳದೆ ಮೈಸೂರು ಪ್ರವಾಸ ಮುಗಿಯುತ್ತಿರಲಿಲ್ಲ. 1964ರಲ್ಲಿ ಸ್ಥಾಪನೆಯಾದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ತನ್ನ ಕಾವೇರಿ ಮಳಿಗೆಗಳಲ್ಲಿ ಇವನ್ನೇ ಪರದೇಶದವರ ಕೈಗೂ ಇಟ್ಟಿತು.

  

ಬೇಡಿಕೆ ಇದ್ದಲ್ಲಿ ನಕಲು ಬರುತ್ತದೆ. 1291ರಲ್ಲಿ ವೆನಿಸ್ ನಗರ ಬೆಂಕಿಯ ಭಯದಿಂದ ತನ್ನ ಗಾಜಿನ ಕುಲುಮೆಗಳನ್ನು ಮುರಾನೊ ದ್ವೀಪಕ್ಕೆ ಕಳಿಸಿತು. ಏಳು ಶತಮಾನದ ಹೆಸರಿದ್ದರೂ ಹೊರಗಿನ ಅಗ್ಗದ ಮಾಲು ಮುರಾನೊ ಹೆಸರಲ್ಲೇ ಮಾರಾಟವಾದಾಗ, 1994ರಲ್ಲಿ ಅಲ್ಲಿಯ ಪ್ರಾಂತ್ಯ ಕಾನೂನು ಮಾಡಿ ಗುರುತಿನ ಮುದ್ರೆ ತರಬೇಕಾಯಿತು. ಚನ್ನಪಟ್ಟಣಕ್ಕೂ ಅದೇ ಸಂಕಟ. ಅಗ್ಗದ ಚೀನಾ ಪ್ಲಾಸ್ಟಿಕ್ ಆಟಿಕೆ ಬಂದಾಗ ಎಷ್ಟೋ ಲೇತುಗಳು ನಿಂತವು. ಆಲೆ ಮರ ಸಾಲದೆ ರಬ್ಬರ್, ಸಿಲ್ವರ್ ಓಕ್ ಮರಗಳೂ ಬಂದವು. ಡಚ್ ಸರ್ಕಾರದ ನೆರವು ಮತ್ತು ರಾಜ್ಯದ 'ವಿಶ್ವ' ಯೋಜನೆ ಕುಶಲಕರ್ಮಿಗಳಿಗೆ ಆಸರೆಯಾದವು. 32 ಲೇತುಗಳ ಅರಗಿನ ಕೆಲಸದ ಸಂಕೀರ್ಣವೊಂದು ಊರಲ್ಲೇ ತಲೆಯೆತ್ತಿತು. 2005–06ರಲ್ಲಿ ಗೊಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿದ 2020ರ ಕೇಂದ್ರದ ಆದೇಶದಿಂದ ಇಂಥ ಮಾನ್ಯತೆಯ ಆಟಿಕೆಗಳಿಗೆ ವಿನಾಯಿತಿ ದೊರೆತದ್ದು ಅದರ ಫಲ. ಅಂಗಡಿಯಲ್ಲಿ ಅಸಲಿ ಗುರುತಿಸುವವರು ಮೈಯನ್ನು ನೋಡುತ್ತಾರೆ: ಅರಗಿನ ಬಣ್ಣ ಮರದ ಸುತ್ತ ಪಟ್ಟೆಯಾಗಿ ಕೂತಿರುತ್ತದೆ, ಕುಂಚದ ಗೆರೆ ಕಾಣದು, ಪೇಂಟಿನ ವಾಸನೆ ಬಾರದು.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ ಎರಡನ್ನೂ ಹೊರಗಿಟ್ಟು ಸುಮಾರು 22 ಕಿ.ಮೀ. ಬೈಪಾಸ್ ಹೋಗುತ್ತದೆ. ಮೂರು ಗಂಟೆಯ ಹಾದಿ ಒಂದೂವರೆ ಗಂಟೆಗಿಳಿದದ್ದು ಪ್ರಯಾಣಿಕರಿಗೆ ದೊಡ್ಡ ಅನುಕೂಲ. ಹಳೆಯ ರಸ್ತೆಯ ಅಂಗಡಿಗಳಿಗೆ ಮಾತ್ರ ಪೆಟ್ಟು ಬಲವಾಗಿಯೇ ಬಿತ್ತು. ಯುದ್ಧ, ಅರಸೊತ್ತಿಗೆ, ರೈಲು ಯಾವುದೂ ಈ ಪೇಟೆಯಿಂದ ದಾರಿಹೋಕರನ್ನು ಕಿತ್ತುಕೊಂಡಿರಲಿಲ್ಲ. ಈಗ ಗೊಂಬೆ ಬೇಕಾದವರು ಹೆದ್ದಾರಿಯಿಂದ ಇಳಿದು ಊರೊಳಗೆ ಬರಬೇಕು, ಇಲ್ಲವೇ ಬೆಂಗಳೂರಿನ ಮಳಿಗೆಗಳಲ್ಲಿ, ಆನ್‌ಲೈನ್‌ನಲ್ಲಿ ಕೊಳ್ಳಬೇಕು. ಮಾಗಡಿ ಕಡೆಯವರ ಹಾದಿ ಬದಲಾಗಿಲ್ಲ: ತಿಪ್ಪಸಂದ್ರದಿಂದ ಮಾಗಡಿ, ರಾಮನಗರ ದಾಟಿ ಚನ್ನಪಟ್ಟಣದ ಹಳೆಯ ಪೇಟೆಗೇ ಹೋಗುತ್ತದೆ.